ಆ ಕೊಂಬು ಕೆಟ್ಟಿರಲಿಲ್ಲ, ಅಪ್ಪ

ಅಪ್ಪಾ,

ಈ ಪತ್ರವನ್ನು ಇದಕ್ಕೆ ಮೊದಲು ಎರಡು ಸಲ ಬರೆದು ಮುಗಿಸಿದ್ದೆ. ಎರಡರಲ್ಲೂ ಆ ಹಂದಿ ಮುಖದ ಕೊಂಬು ಇತ್ತು, ನಿನ್ನ ಉಸಿರಿತ್ತು, ನಿನ್ನ ಮೊಮ್ಮಗಳು ಇಂಚರಳ ನಗು ಇತ್ತು. ಒಂದು ಮಾತು ಮಾತ್ರ ಇರಲಿಲ್ಲ. ಅದಿಲ್ಲದೆಯೂ ಪತ್ರ ಚೆನ್ನಾಗಿಯೇ ಓದಿಸಿಕೊಂಡು ಹೋಗುತ್ತಿತ್ತು. ನನಗೆ ಹೆದರಿಕೆಯಾದದ್ದು ಅದಕ್ಕೇ. ಈ ಸಲ ಅದನ್ನೇ ಮೊದಲು ಬರೆದುಬಿಡುತ್ತೇನೆ. ಅವತ್ತು ಆ ಕಂಚುಗಾರ, ಹೆರ್ ಲಿಂಡ್ನರ್, ನಿನ್ನನ್ನು ಬೈಯಲಿಲ್ಲ. ನಿನ್ನಿಂದ ಕೊಂಬು ಕೆಟ್ಟಿತು ಎಂದು ಅವರು ಹೇಳಲೇ ಇಲ್ಲ. ಅವರು ಹೇಳಿದ್ದೇ ಬೇರೆ. ಅದನ್ನು ನಿನಗೆ ಕನ್ನಡದಲ್ಲಿ ತಿಳಿಸಬೇಕಾದವಳು ನಾನು. ನಾನು ಸುಳ್ಳು ಹೇಳಿದೆ.

ನೀನು ಜರ್ಮನಿಗೆ, ಈ ಯೇನಾ ಊರಿಗೆ ಬಂದ ಮೊದಲ ವಾರ ನೆನಪಿದೆಯೇ? ನನ್ನ ಕೆಲಸವೇನೆಂದು ನೀನು ಕೇಳಿದೆ. ಲೆನ್ಸಿನ ಮೇಲೆ ಹಚ್ಚುವ ಪದರದ ದಪ್ಪ ಅಳೆಯುತ್ತೇನೆ ಎಂದೆ. "ಅಂದ್ರ ದಿನಾ ಗಾಜ ಒರಸೂದನ?" ಎಂದು ನೀನು ನಕ್ಕೆ. ನಾನು ಆಫೀಸಿಗೆ, ಇಂಚರ ಶಾಲೆಗೆ ಹೋದ ಮೇಲೆ ನೀನು ಬಾಲ್ಕನಿಯಲ್ಲಿ ಕೂತು, ಜೊತೆಗೆ ತಂದಿದ್ದ ತುತ್ತೂರಿಯ ಬಾಯಿಯನ್ನು, ಊದುವ ಆ ಪುಟ್ಟ ತುಂಡನ್ನಷ್ಟೇ, ತುಟಿಗಿಟ್ಟು ಜೇನುಹುಳದ ಹಾಗೆ ಗುಂಯ್ ಎನ್ನಿಸುತ್ತಿದ್ದೆ. ಮೂರನೇ ದಿನ ಕೆಳಗಿನ ಮನೆಯವರು ಬಾಗಿಲಿಗೆ ಚೀಟಿ ಅಂಟಿಸಿದರು: ಮಧ್ಯಾಹ್ನ ಒಂದರಿಂದ ಮೂರು ರೂಹೆಟ್ಸೈಟ್, ಸದ್ದು ಮಾಡುವಂತಿಲ್ಲ. ನಾನು ಓದಿ ಹೇಳಿದಾಗ ನೀನು, "ಊರ ತುಂಬ ಮಂದಿ ನಿದ್ದಿಗಿ ಟೈಮಿಟಗೊಂಡಾರಲವಾ!" ಎಂದು ಬೆರಗಾದೆ. ಆಮೇಲೆ ಆ ಎರಡು ಗಂಟೆ ನೀನು ಸುಮ್ಮನೆ ಕಿಟಕಿ ನೋಡುತ್ತ ಕೂರುತ್ತಿದ್ದೆ ಎಂದು ಮಧ್ಯಾಹ್ನಕ್ಕೇ ಶಾಲೆಯಿಂದ ಬರುತ್ತಿದ್ದ ಇಂಚರ ಹೇಳಿದಳು. ನಿನಗೆ ಬೇಸರವಾಗದಿರಲಿ ಎಂದೇ ನಾನು ಆ ಕಾರ್ಯಾಗಾರದ ಕರಪತ್ರ ಹಿಡಿದು ಬಂದದ್ದು. ಪಕ್ಕದ ಹಳ್ಳಿಯಲ್ಲೊಬ್ಬರು ಹಳೆಯ ಕಾಲದ ಯುದ್ಧದ ಕೊಂಬು ಮಾಡುತ್ತಾರೆ, ಶನಿವಾರ ಯಾರು ಬೇಕಾದರೂ ಬಂದು ನೋಡಬಹುದು.

ಬಸ್ಸಿಳಿದು ನಡೆಯುವಾಗ ನಮ್ಮ ಜೊತೆ ಸುಮಾ ಇದ್ದಳು. ಇಲ್ಲಿಯ ಯುಗಾದಿ, ದೀಪಾವಳಿಗೆಲ್ಲ ನನ್ನ ಜೊತೆಯಾಗುವ ಮೈಸೂರಿನ ಗೆಳತಿ. ಅವಳು ಸಹಜವಾಗಿ, "ಅಂಕಲ್, ನೀವು ಮ್ಯೂಸಿಶಿಯನ್ ಅಂತೆ? ತುಂಬಾ ಕಛೇರಿ ಕೊಟ್ಟಿದೀರಾ?" ಎಂದಳು. "ಕಛೇರಿ ಎಲ್ಲೀದ ತಂಗೀ, ಎಲ್ಲಾ ಮೆರವಣಿಗಿ! ಕುಂತು ಬಾರಸಿದ್ದ ಗೊತ್ತಿಲ್ಲ ನನಗ" ಎಂದೆ ನೀನು. ಅವಳು ನಕ್ಕಳು. ನಾನೂ ನಕ್ಕೆ. ಆದರೆ ಕೂಡಲೇ ಮಾತು ಬೇರೆ ಕಡೆ ತಿರುಗಿಸಿದೆ. ಏಕೆಂದರೆ ಹನ್ನೊಂದು ವರ್ಷದಿಂದ ನಾನು ಇಲ್ಲಿ ಎಲ್ಲರಿಗೂ 'ನಮ್ಮ ತಂದೆ ಸಂಗೀತಗಾರರು' ಎಂದಷ್ಟೇ ಹೇಳಿಕೊಂಡು ಬಂದಿದ್ದೆ. ಹುಬ್ಬಳ್ಳಿಯ ಮದುವೆ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಾರೆ ಎಂದು ಹೇಳಿರಲಿಲ್ಲ. ಕೇಳಿದವರು ತಮಗೆ ತೋಚಿದ ವೀಣೆಯನ್ನೋ ಸಿತಾರನ್ನೋ ನಿನ್ನ ಕೈಗೆ ಕೊಟ್ಟುಕೊಂಡರು. ನಾನು ತಡೆಯಲಿಲ್ಲ.

ಆ ಕೊಂಬನ್ನು ನೀನು ಮೊದಲು ನೋಡಿದ ಗಳಿಗೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನಿನಗಿಂತ ಎತ್ತರದ ಕಂಚಿನ ಕೊಳವೆ, ನೆಟ್ಟಗೆ ನಿಂತದ್ದು. ಮೇಲೆ ಬಾಯಿ ತೆರೆದ ಕಾಡುಹಂದಿಯ ತಲೆ, ಎಲೆಯಂಥ ದೊಡ್ಡ ಕಿವಿ, ಬಾಯೊಳಗೆ ಅಲುಗುವ ಮರದ ನಾಲಿಗೆ. ಕಾರ್ನಿಕ್ಸ್ ಎನ್ನುತ್ತಾರೆ ಅದಕ್ಕೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಈ ಸೀಮೆಯಲ್ಲಿದ್ದ ಕೆಲ್ಟ್ ಜನ ಇದನ್ನು ಯುದ್ಧಕ್ಕೆ ಒಯ್ಯುತ್ತಿದ್ದರು. ಊದುವವರು ಸಾಲಾಗಿ ನಿಂತರೆ ಹಂದಿ ತಲೆಗಳೆಲ್ಲ ಸೈನ್ಯದ ಮೇಲೆದ್ದು ಕೂಗುತ್ತಿದ್ದವು. ಲಿಂಡ್ನರ್ ವಿವರಿಸುತ್ತ ಹೋದರು, ನಾನು ನಿನಗೆ ಹೇಳುತ್ತ ಹೋದೆ. ಶತ್ರುಗಳನ್ನು ಹೆದರಿಸಲು ಊದುತ್ತಿದ್ದರಂತೆ ಎಂದೆ.

"ಯಾರ ಹೇಳ್ಯಾರ ಹಂಗಂತ?" ಎಂದೆ ನೀನು.

"ಎದುರಿಗೆ ನಿಂತಿದ್ರಲ್ಲಪ್ಪಾ, ರೋಮಿನವರು, ಗ್ರೀಸಿನವರು, ಅವರು ಬರದಿಟ್ಟಾರ."

"ಅಂದ್ರ ಊದಿದವರನ್ನ ಯಾರೂ ಕೇಳಿಲ್ಲ ಅನ್ನು."

ಆಮೇಲೆ ಹಂದಿಯ ದವಡೆಗೆ ಕೈಯಿಟ್ಟು ನಿಧಾನವಾಗಿ ಹೇಳಿದೆ: "ನೋಡವಾ, ಬೀಗರ ಓಣಿ ಹೊಕ್ಕ ಕೂಡ್ಲೆ ಮದಮಗನ ಕಾಲು ಗಡಗಡ ನಡಗತಾವು. ಆವಾಗ ನಾವು ಎದಿ ಒಡಿಯೂ ಹಂಗ ಊದತೇವಿ. ಬೀಗರನ್ನ ಹೆದರಸಾಕೇನು? ನಮ್ಮ ಹುಡುಗನ ಕಾಲು ನಿಂದರಲಿ ಅಂತ. ಇದೂ ಅದ ಇರಬೇಕು. ವೈರಿಗಲ್ಲ, ತಮ್ಮ ಮಂದಿಗಿ ಊದಿದ್ದು."

"ಏನಂದರು?" ಎಂದು ಲಿಂಡ್ನರ್ ಕುತೂಹಲದಿಂದ ಕೇಳಿದರು. ನಾನು, "ತುಂಬ ಇಷ್ಟವಾಯಿತಂತೆ" ಎಂದೆ. ಮದಮಗ, ಓಣಿ, ಬ್ಯಾಂಡು, ಇದನ್ನೆಲ್ಲ ಸುಮಾಳ ಎದುರು ಜರ್ಮನ್‌ನಲ್ಲಿ ಹೇಳುವುದು... ಬೇಡವಾಯಿತು.

ಊದಿ ನೋಡುವಿರಾ ಎಂದು ಅವರೇ ಕರೆದರು. ನೀನು ಊದಿದೆ, ಬರೀ ಉಸ್ಸೆಂದಿತು. ನೀನು ಕೊಳವೆಯ ಒಂದೊಂದು ಕೀಲಿಗೂ ಕೆನ್ನೆ ಹಚ್ಚಿ ಗಾಳಿ ಎಲ್ಲಿ ಸೋರುತ್ತದೆ ಎಂದು ನೋಡಿದೆ. ಲಿಂಡ್ನರ್ ಬೇರೆಯವರೊಡನೆ ಮಾತಾಡಲು ತಿರುಗಿದ್ದರು. ಅಷ್ಟರಲ್ಲಿ ನೀನು ಕೊಂಬನ್ನು ಸ್ಟ್ಯಾಂಡಿನಿಂದ ಇಳಿಸಿ, ತಲೆಕೆಳಗು ಮಾಡಿ, ನಿನ್ನ ಕೈಯಲ್ಲಿದ್ದ ಬಾಟಲಿಯ ನೀರನ್ನು ಅದರ ಊದುವ ಬಾಯಿಗೆ ಸುರಿದೇಬಿಟ್ಟೆ. ಬೆಸುಗೆ ಬಿಟ್ಟ ಹಳೆಯ ತುತ್ತೂರಿಗಳಿಗೆ ಊದುವ ಮುಂಚೆ ನೀವೆಲ್ಲ ಹಾಗೆಯೇ ಅಲ್ಲವೇ ಮಾಡುತ್ತಿದ್ದುದು? ನೀರು ಒಳಗೋಡೆಗೆ ಹತ್ತಿದರೆ ಕೀಲಿನ ಸಂದು ಮುಚ್ಚುತ್ತದೆ, ದನಿ ದಪ್ಪವಾಗುತ್ತದೆ. ಆದರೆ ಅದು ನಾನು ಬಸ್ ಸ್ಟೇಷನ್ನಿನಲ್ಲಿ ಅವಸರದಲ್ಲಿ ನೋಡದೆ ಕೊಂಡ ಬಾಟಲಿ, ಗ್ಯಾಸ್ ತುಂಬಿದ ಸೋಡಾ ನೀರು. 'ಮೂಗಿಗೇರತೈತಿ' ಎಂದು ನೀನು ಕುಡಿಯದೆ ಹಿಡಿದುಕೊಂಡೇ ಬಂದಿದ್ದೆ. ಹಂದಿಯ ಬಾಯಿಂದ ಬೆಳ್ಳಗೆ ನೊರೆ ಬುಸುಬುಸು ಉಕ್ಕಿತು. ಇಂಚರ ಜರ್ಮನ್‌ನಲ್ಲಿ ಕಿರುಚಿದಳು, "ಹಂದಿ ಹಲ್ಲುಜ್ಜುತ್ತಿದೆ!" ಲಿಂಡ್ನರ್ "ನೈನ್, ನೈನ್, ನೈನ್!" ಬೇಡ ಬೇಡ ಎನ್ನುತ್ತ ಬಟ್ಟೆ ಹಿಡಿದು ಓಡಿ ಬಂದರು. ಕಂಚಿಗೆ ಬರಿಗೈ ಬೆವರೂ ಸೋಕಬಾರದೆಂದು ಕೈಗವಸು ತೊಡುವ ಮನುಷ್ಯ. ನಾನು ಎಷ್ಟು ಸಲ ಕ್ಷಮೆ ಕೇಳಿದೆನೋ.

ನೀನು ಮಾತ್ರ ಅವಸರಪಡಲಿಲ್ಲ. ನೀರು ಬಸಿದು, ಕೊಂಬನ್ನು ನೆಟ್ಟಗೆ ಎತ್ತಿ ಹಿಡಿದು, ಕಣ್ಣು ಮುಚ್ಚಿ ಊದಿದೆ.

ಆ ದನಿಯನ್ನು ಹೇಗೆ ಬರೆಯಲಿ? ಅದು ಕಿವಿಗಿಂತ ಮೊದಲು ಪಾದಕ್ಕೆ ತಾಗಿತು. ಕಿಟಕಿಯ ಗಾಜು ಗುನುಗಿತು. ಹಂದಿಯ ಮರದ ನಾಲಿಗೆ ಪಟಪಟನೆ ಹೊಡೆದುಕೊಂಡು, ಜೀವವಿರುವುದೇನೋ ಮೇಲಿನಿಂದ ನಮ್ಮನ್ನು ಕರೆಯುತ್ತಿದೆ ಅನಿಸಿತು. ಇಂಚರ ಕಿವಿಗೆ ಬೆರಳಿಟ್ಟುಕೊಂಡು ಹೊರಗೋಡಿದಳು, ಸುಮಾ ಅವಳ ಹಿಂದೆ ಹೋದಳು. ನೀನು ಉಸಿರು ಮುಗಿಸಿ ಕೊಂಬು ಇಳಿಸಿದಾಗ ಲಿಂಡ್ನರ್ ಕನ್ನಡಕ ತೆಗೆದಿದ್ದರು. ಅವರು ನನಗೆ ಹೇಳಿದ್ದು ಇದು, ಅಪ್ಪಾ. ಪದಕ್ಕೆ ಪದ ಬರೆಯುತ್ತೇನೆ. "ನಾಲ್ಕು ವರ್ಷದಿಂದ ನಾನು ಇದನ್ನು ಕೂಗಿಸುತ್ತಿದ್ದೇನೆ. ಇವತ್ತು ಇದು ಮಾತಾಡಿತು. ನಿಮ್ಮ ತಂದೆ ಎಲ್ಲಿ ಕಲಿತರು? ಆಗಸ್ಟ್ ಕೊನೆಗೆ ದಕ್ಷಿಣದ ಗುಡ್ಡದ ಮೇಲೆ, ಕೆಲ್ಟರ ಹಳೇ ಕೋಟೆಯ ಹತ್ತಿರ, ಇದನ್ನು ಮೊದಲ ಸಲ ಜನರ ಮುಂದೆ ಊದುತ್ತೇವೆ. ಅವರೇ ಊದಬಹುದೇ? ದಯವಿಟ್ಟು ಕೇಳಿ."

"ಏನಂತಾನವಾ?" ಎಂದು ನೀನು ನನ್ನ ಮುಖ ನೋಡಿದೆ.

"ನೀರ ಹೋಗಿ ಕೆಟ್ಟೈತಂತ ಅಪ್ಪಾ. ನಡಿ, ಹೋಗೂಣು."

ಅವರಿಗೆ ಹೇಳಿದೆ: ನಮ್ಮ ತಂದೆಗೆ ಹೃದಯದ ತೊಂದರೆಯಿದೆ, ಊದಬಾರದು, ಬರಲಾಗುವುದಿಲ್ಲ. ನೀನು ಎರಡೂ ಕೈ ಜೋಡಿಸಿ, "ಸಾರಿ ಸಾರ್, ವೆರಿ ಸಾರಿ" ಎಂದೆ. ಬರಲಾಗದ್ದಕ್ಕೆ ನೀನು ವ್ಯಥೆಪಡುತ್ತಿದ್ದೀ ಎಂದುಕೊಂಡು ಅವರು ನಿನ್ನ ಜೋಡಿಸಿದ ಕೈಗಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ನಿಮ್ಮಿಬ್ಬರ ನಡುವೆ ನಿಂತವಳು ನಾನೊಬ್ಬಳೇ. ಇಬ್ಬರಿಗೂ ಬೇರೆ ಬೇರೆ ಸುಳ್ಳು ಕೊಟ್ಟು ಕಳಿಸಿದೆ.

ಡಾಕ್ಟರ್ ಹೇಳಿದ್ದು ನಿಜ. ಸ್ಟೆಂಟ್ ಹಾಕಿದ ಮೇಲೆ ಎದೆಗೆ ಭಾರವಾಗುವ ಹಾಗೆ ಊದಬಾರದು ಎಂದಿದ್ದರು. ನೀನು 'ಸಣ್ಣಗ ಊದತೇನಿ' ಎಂದು ಮದುವೆಗಳಿಗೆ ಹೋಗುತ್ತಲೇ ಇದ್ದೆ. ಹಾಗಾದರೆ ನಾನು ನಿನ್ನ ಹೃದಯ ಕಾಯಲು ಹಾಗೆ ಹೇಳಿದೆನೇ? ತಿಂಗಳುಗಟ್ಟಲೆ ಹಾಗೆಂದೇ ನಂಬಿಸಿಕೊಂಡೆ. ಆದರೆ ಹಾಗಿದ್ದರೆ ನಿನಗೆ ನಿಜ ಹೇಳಿ 'ಬೇಡಪ್ಪಾ' ಎನ್ನಬಹುದಿತ್ತಲ್ಲ? ನನ್ನ ಕಣ್ಣಿಗೆ ಆ ಕ್ಷಣ ಬಂದದ್ದು ನಿನ್ನ ಹೃದಯವಲ್ಲ. ಗುಡ್ಡದ ಮೇಲಿನ ಜನ, ನನ್ನ ಆಫೀಸಿನವರು, ಇಲ್ಲಿಯ ಕನ್ನಡದ ಮನೆಯವರೆಲ್ಲ. 'ಎಲ್ಲಿ ಕಲಿತರು' ಎಂಬ ಪ್ರಶ್ನೆ. ನೀನು ಸಂತೋಷದಿಂದ ಕೊಡುವ ಉತ್ತರ. ಹೃದಯ ಆಮೇಲೆ ನೆನಪಾಯಿತು. ಅನುಕೂಲಕ್ಕೆ ನೆನಪಾಯಿತು.

ಐದನೇ ಕ್ಲಾಸಿನಲ್ಲೂ ಹೀಗೇ. ಮದುವೆ ಮುಗಿಸಿ ನೀನು ನೇರ ನನ್ನ ಕಾನ್ವೆಂಟಿನ ಗೇಟಿಗೆ ಬರುತ್ತಿದ್ದೆ. ನಾನು ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಒಂದು ದಿನ ಮಾತ್ರ ನಿನ್ನನ್ನು ನೋಡಿಯೂ ನೋಡದವಳಂತೆ ಗೆಳತಿಯರ ಜೊತೆ ಮುಂದೆ ಹೋದೆ. ಮರುವಾರದಿಂದ ನೀನು ಬ್ಯಾಂಡಿನ ಜರಿಪಟ್ಟಿಯ ಕೆಂಪು ಕೋಟನ್ನು ಒಳಮಗ್ಗುಲು ಹೊರಗೆ ಮಾಡಿ ಮಡಚಿ ಕಂಕುಳಲ್ಲಿಟ್ಟುಕೊಂಡು, ತುತ್ತೂರಿಯನ್ನು ತಲೆದಿಂಬಿನ ಚೀಲದಲ್ಲಿ ಹಾಕಿಕೊಂಡು, ಬನಿಯನ್ನಿನಲ್ಲಿ ನಿಂತಿರುತ್ತಿದ್ದೆ. ಆ ಕೋಟಿನ ಅಸ್ತರಿಗೆ ತೇಪೆ ಹಾಕಿದ್ದು ಎಲ್ಲರಿಗೂ ಕಾಣುತ್ತಿತ್ತು. ಒಂದು ದಿನವಾದರೂ ನೀನು ನನ್ನನ್ನು ಏಕೆ ಕೇಳಲಿಲ್ಲ ಅಪ್ಪಾ?

ಕಾರ್ಯಾಗಾರದಿಂದ ಬಂದ ಮೇಲೆ ನಾಲ್ಕು ದಿನ ನೀನು ಬಾಲ್ಕನಿಗೆ ಹೋಗಲಿಲ್ಲ. ಐದನೇ ದಿನ ಅಡುಗೆಮನೆಯಲ್ಲಿ ಜೇನುಮೇಣ ಕಾಯಿಸಿ, ಔಡಲೆಣ್ಣೆ ಬೆರೆಸಿ, ಉಂಡೆ ಕಟ್ಟಿ, ಇಂಚರಳ ಹಳೇ ಪೆನ್ಸಿಲ್ ಡಬ್ಬಿಯಲ್ಲಿಟ್ಟು ನನಗೆ ಕೊಟ್ಟೆ. "ಆ ಸಾಹೇಬಗ ಕೊಡು. ಕೀಲಿಗಿ ಇದನ್ನ ಹಚ್ಚಿದ್ರ ನೀರು ಬೇಕಾಗಿಲ್ಲ ಅಂತ ಹೇಳು. ಮತ್ತ... ಹಿರೇ ಮನಷಾ, ತಿಳೀಲಾರದ ಮಾಡ್ಯಾನ ಅಂತ ಹೇಳು." ಕೊಡುತ್ತೇನೆ ಎಂದೆ. ಡ್ರಾಯರಿನಲ್ಲಿಟ್ಟೆ. ನೀನು ಹೋಗುವ ದಿನ ಏರ್‌ಪೋರ್ಟಿನಲ್ಲಿ, "ಕೊಟ್ಯಾ? ಏನಂದ?" ಎಂದು ಕೇಳಿದಾಗ, "ಖುಷಿಪಟ್ರು" ಎಂದೆ. ಅದೂ ಸುಳ್ಳು.

ಕಳೆದ ನವೆಂಬರಿನಲ್ಲಿ ನಾನು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ನಿನಗೆ ಮಣ್ಣು ಕೊಟ್ಟು ಎರಡು ದಿನವಾಗಿತ್ತು. ಬ್ಯಾಂಡಿನ ಅಂಗಡಿಗೆ ಹೋದೆ. ನಿನ್ನ ಕ್ಲಾರಿನೆಟ್ ಗೆಳೆಯ ಹುಸೇನಸಾಬ ಕಾಕಾ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ನಿನ್ನ ತುತ್ತೂರಿಯ ಬಾಯಿಯನ್ನು ನಿನ್ನ ಕೈಯಲ್ಲೇ ಇಟ್ಟು ಕಳಿಸಿದೆವು ಎಂದರು. "ಬಾಯಿ ಅವಂದು, ಬಾಜಾ ಕಂಪನೀದು. ನಮ್ಮಲ್ಲಿ ಹಂಗ ಐತಿ ನೋಡವಾ." ನನಗೆ ಲಿಂಡ್ನರ್ ಹೇಳಿದ್ದು ನೆನಪಾಯಿತು. ಕೆಲ್ಟರು ಕೊಂಬನ್ನು ಮುರಿದು, ತುಂಡು ಮಾಡಿ, ಗುಂಡಿಯಲ್ಲಿಟ್ಟು ದೇವರಿಗೆ ಒಪ್ಪಿಸುತ್ತಿದ್ದರಂತೆ. ಅಗೆದವರಿಗೆ ಸಿಗುವುದು ಹಂದಿಯ ಒಂದು ಕಿವಿ, ಒಂದು ದವಡೆ. ಏಕೆ ಮುರಿದರೆಂದು ಯಾರಿಗೂ ಖಚಿತವಿಲ್ಲ. ಬೇರೆ ಬಾಯಿ ತಾಗದಿರಲಿ ಎಂದಿರಬಹುದೇ? ನಿನ್ನನ್ನು ಕೇಳಿದ್ದರೆ ತಟ್ಟನೆ ಹೇಳುತ್ತಿದ್ದೆ. ಕೇಳಬೇಕಾದ ಎಷ್ಟೊಂದು...

ಆಮೇಲೆ ಕಾಕಾ ನಗುತ್ತ, "ನಿಮ್ಮಪ್ಪ ಜರ್ಮನಿಯಾಗ ಒಂದು ಕೊಂಬ ಕೆಡಿಸಿ ಬಂದಾನಂತಲ್ಲ! ಸೋಡಾ ಕುಡಿಸ್ಯಾನಂತ ಹಂದಿಗಿ! ಹೇಳಿ ಹೇಳಿ ಎಲ್ಲಾರನ್ನೂ ನಗಸ್ತಿದ್ದ" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಗು ನಿಂತ ಮೇಲೆ ಅವರು ತುಸು ದನಿ ಇಳಿಸಿದರು. "ನಗಸ್ತಿದ್ದ ಖರೆ. ಆದ್ರ ಬಂದ ಮ್ಯಾಲ ಇನ್ನೊಬ್ಬರ ಬಾಜಾ ಮುಟ್ಟಲಿಲ್ಲವಾ. ಮೊದ್ಲ ಯಾರದ ಕೆಟ್ಟರೂ ಅವನ ಕೈಯಾಗ ಕೊಡತಿದ್ವಿ, ರಿಪೇರಿ ಮಾಡತಿದ್ದ. 'ಬ್ಯಾಡ, ನನ್ನ ಕೈ ಚಲೋ ಇಲ್ಲ' ಅಂತಿದ್ದ."

ನಲವತ್ತು ವರ್ಷ ಊರಿನ ಒಡಕು ತುತ್ತೂರಿಗಳಿಗೆಲ್ಲ ದನಿ ಕೊಟ್ಟ ಕೈ. ಅದು ಚಲೋ ಇಲ್ಲ ಎಂದು ನಿನಗೆ ಹೇಳಿಕೊಟ್ಟ ನಾನು ಅದೇ ಬೆಂಚಿನ ಮೇಲೆ ಕೂತಿದ್ದೆ. ಅವತ್ತೇ ಬಾಯಿ ತೆರೆಯಬೇಕಿತ್ತು. ಚಹಾ ಬಂತು, ಕುಡಿದೆ.

ಈ ಫೆಬ್ರವರಿಯಲ್ಲಿ ಪೆನ್ಸಿಲ್ ಡಬ್ಬಿ ಹಿಡಿದು ಲಿಂಡ್ನರ್ ಅವರ ಬಾಗಿಲು ತಟ್ಟಿದೆ. ನೀನು ಹೋದ ಸುದ್ದಿ ಹೇಳಿದೆ. ಅವತ್ತು ನಾನು ಮಾಡಿದ್ದನ್ನೂ ಹೇಳಿದೆ, ಎರಡು ಕಡೆಯದನ್ನೂ. ಲಿಂಡ್ನರ್, "ಅವರು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದರೇ? ಕೈ ಜೋಡಿಸಿ?" ಎಂದಷ್ಟೇ ಕೇಳಿದರು. ಹೌದೆಂದೆ. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅವರು ನನ್ನನ್ನು ಕ್ಷಮಿಸಲಿಲ್ಲ, ಬೈಯಲೂ ಇಲ್ಲ. ಹಾಗೆ ಮಾಡುವ ಹಕ್ಕು ತಮ್ಮದಲ್ಲ ಎಂಬಂತೆ ಇದ್ದರು. ಆಮೇಲೆ ಡಬ್ಬಿ ತೆರೆದು ಮೇಣವನ್ನು ಮೂಸಿ, ಬೆರಳಲ್ಲಿ ಹಿಸುಕಿ, ಒಂದು ಕೀಲಿಗೆ ಹಚ್ಚಿ ನೋಡಿದರು. "ಅವರು ಬಂದುಹೋದ ಮೇಲೆ ನಾನೂ ನೀರು ಹಾಕುತ್ತೇನೆ. ಗ್ಯಾಸ್ ಇಲ್ಲದ್ದು" ಎಂದರು. ಇಬ್ಬರಿಗೂ ನಗು ಬಂತು, ಅದು ಹೆಚ್ಚು ಹೊತ್ತು ಉಳಿಯಲಿಲ್ಲ.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ಅವರ ಮೇಜಿನ ಮೇಲೆ ಸಣ್ಣ ರೆಕಾರ್ಡರ್ ಸದಾ ಓಡುತ್ತಿರುತ್ತದಂತೆ, ಪ್ರತಿ ಪ್ರಯೋಗವನ್ನೂ ಹಿಡಿದಿಡಲು. ಅವತ್ತೂ ಓಡುತ್ತಿತ್ತು. ನೀರು ಸುರಿಯುವ ಸದ್ದು, ಇಂಚರಳ ಕಿರುಚಾಟ, 'ನೈನ್ ನೈನ್', ಆಮೇಲೆ ನೀನು. ಹನ್ನೊಂದು ಸೆಕೆಂಡ್. ಆ ಕೋಟೆಯ ಗುಡ್ಡದ ಕೆಳಗೆ ಸಣ್ಣ ಮ್ಯೂಸಿಯಂ ತೆರೆಯುತ್ತಿದೆ. ಹಂದಿ ತಲೆಯ ಮುಂದೆ ನಿಂತವರಿಗೆ ಆ ಹನ್ನೊಂದು ಸೆಕೆಂಡನ್ನು ಕೇಳಿಸಬೇಕೆಂದು ಅವರ ಆಸೆ. ನಮ್ಮ ವಿಳಾಸವಿಲ್ಲದೆ ನಿನ್ನ ಒಪ್ಪಿಗೆ ಹೇಗೆ ಕೇಳುವುದೆಂದು ತಿಳಿಯದೆ ಸುಮ್ಮನಿದ್ದರಂತೆ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದೆ. ಕೊಂಬಿನ ಕೆಳಗೆ ನಿನ್ನ ಹೆಸರಿರುತ್ತದೆ, ಹುಬ್ಬಳ್ಳಿಯ ಮದುವೆ ಬ್ಯಾಂಡಿನ ತುತ್ತೂರಿಯವರು ಎಂದಿರುತ್ತದೆ. ನೀನು ಅವತ್ತು ಮದಮಗನ ಕಾಲಿನ ಬಗ್ಗೆ ಹೇಳಿದ್ದನ್ನು ಈಗ ಪೂರ್ತಿ ಜರ್ಮನ್‌ಗೆ ತಂದು ಹೇಳಿದೆ. ಅವರು ಬರೆದುಕೊಂಡು, "ಎರಡು ಸಾವಿರ ವರ್ಷದಲ್ಲಿ ಊದುವವನೊಬ್ಬ ಹೇಳಿದ ಮಾತು ಸಿಕ್ಕಿದ್ದು ನನಗೆ ಇದೇ ಮೊದಲು" ಎಂದರು.

ಈ ಪತ್ರವನ್ನು ಬ್ಯಾಂಡಿನ ಅಂಗಡಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ ಅಪ್ಪಾ. ಮೇಲೆ ನಿನ್ನ ಹೆಸರು, ಕೆಳಗೆ ಹುಸೇನಸಾಬ ಕಾಕಾ ಎಲ್ಲರೆದುರು ಗಟ್ಟಿಯಾಗಿ ಓದಬೇಕು ಎಂದು. ಕಾಕಾಗೆ ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನಾನು ಮಾತನ್ನು ಮೆತ್ತಗೆ ಮಾಡಿಬಿಡುತ್ತೇನೆ, ನನಗೆ ಗೊತ್ತು. ನನ್ನ ಕನ್ನಡ ಬರಹ ನಿಧಾನ, ತಪ್ಪಿದ್ದಲ್ಲಿ ಕಾಕಾ ಕ್ಷಮಿಸಲಿ. ಅವರೆಲ್ಲ ಇನ್ನು ನನ್ನನ್ನು ಹೇಗೆ ನೋಡುತ್ತಾರೋ, ಮುಂದಿನ ಸಲ ಆ ಬೆಂಚಿನ ಮೇಲೆ ಕೂರಿಸುತ್ತಾರೋ ಇಲ್ಲವೋ. ಕೂರಿಸದಿದ್ದರೆ ನಿಂತೇ ಇರುತ್ತೇನೆ. ಆದರೆ ನಿನ್ನ ಕೈ ಚಲೋ ಇತ್ತು ಎಂದು ಆ ಅಂಗಡಿಯಲ್ಲಿ ಒಬ್ಬರು ಗಟ್ಟಿಯಾಗಿ ಓದಬೇಕು.

ಲಕೋಟೆ ಅಂಟಿಸಿಲ್ಲ. ಇಂಚರ ಒಂದು ಸಾಲು ಕನ್ನಡದಲ್ಲಿ ಬರೆಯುತ್ತೇನೆ ಎಂದಿದ್ದಾಳೆ, ಅಕ್ಷರ ಕಲಿಯುತ್ತಿದ್ದಾಳೆ, ಅವಳಿಗೆ ಭಾನುವಾರದವರೆಗೆ ಸಮಯ ಬೇಕಂತೆ. ಅಂಚೆಗೆ ಹಾಕುವುದು ಮಾರ್ಚ್ ಒಂಬತ್ತು, ಸೋಮವಾರ.